ಗಾಳಿಗೆ ಹೋದ ದೋಣಿ

ಜನವರಿ ೧೧, ಬೆಳಿಗ್ಗೆ

ಟೀ ಕಾಯಿಸಿದೆ. ಸೊಂಟ ಹಿಡಿದಿದೆ. ಇವತ್ತು ಎರಡನೇ ದ್ವೀಪ. ಮುಂದಿನ ತಿಂಗಳಿಂದ ಮೊಮ್ಮಗಳು ಟೂರಿಸ್ಟುಗಳನ್ನು ಕಯಾಕಿನಲ್ಲಿ ಕರೆತಂದು ಇಲ್ಲೆಲ್ಲ ಟೆಂಟ್ ಹಾಕಿಸುತ್ತಾಳಂತೆ. ಸಿಹಿನೀರು ಎಲ್ಲಿದೆ ಅಂತ ತೋರಿಸಲು ನಾನು ಬೇಕು. ಮೀನು ಒಣಗಿಸಲು ಇಪ್ಪತ್ತು ವರ್ಷ ಇಲ್ಲಿಗೆ ಬಂದವಳು ನಾನು. ಬಾವಿಗಳು ಅವಳ ಮ್ಯಾಪಿನಲ್ಲಿಲ್ಲ, ನನ್ನ ತಲೆಯಲ್ಲಿವೆ.

ಕಯಾಕ್ ಅಂದರೆ ಪ್ಲಾಸ್ಟಿಕ್ ದೋಣಿ. ಇಬ್ಬರಿಗೆ ಎರಡು ತೂತು. ಕೂತರೆ ಬಾಟಲಿಗೆ ಬಿರಡೆ ಹಾಕಿದ ಹಾಗೆ. ನಿನ್ನೆ ದಾರಿಯುದ್ದಕ್ಕೂ ಹಿಂದಿನ ತೂತಿನಿಂದ ಅವಳದು ಒಂದೇ ವರಾತ:

"ಅಜ್ಜಿ, ಸುಮ್ನೆ ಕೂತಿದ್ದೀಯಲ್ಲ, ಹುಟ್ಟು ಹಾಕು."

"ನಿಮ್ಮಮ್ಮನ್ನ ಹೊತ್ತಿದ್ದು ಒಂಬತ್ತೇ ತಿಂಗಳು. ನಿನ್ನ ಯಾತ್ರೆ ಮುಗಿಯೋದೇ ಇಲ್ವಲ್ಲೇ!"

ಬೆನ್ನ ಹಿಂದೆ ನಕ್ಕಳು.

ಜನವರಿ ೧೨, ಸಂಜೆ

ಮೂರನೇ ದ್ವೀಪ. ಬಾವಿ ಹಾಗೇ ಇದೆ. ಟೆಂಟು, ಅಕ್ಕಿ, ಪಾತ್ರೆ ಇಳಿಸಿದೆವು. ಉಬ್ಬರದ ಗೆರೆ ನೋಡಿ, ಹತ್ತು ಹೆಜ್ಜೆ ಮೇಲೆ ದೋಣಿ ಎಳೆಸಿದೆ. ಟೆಂಟಿನ ಗೂಟ ಹೊಡೆಯುತ್ತಿದ್ದವಳು ಕೂಗಿದಳು:

"ಅಜ್ಜಿ, ದೋಣೀನ ಮರಕ್ಕೆ ಕಟ್ಟಿದ್ಯಾ?"

"ಅದೇನು ಕರುನಾ, ಹಾಲು ಕುಡಿದುಬಿಡುತ್ತೆ ಅಂತ ಕಟ್ಟೋಕೆ? ನೀರು ಇಲ್ಲೀತನಕ ಬರಲ್ಲ ಕಣೇ. ನಿಮ್ಮಮ್ಮ ಹುಟ್ಟೋಕೆ ಮುಂಚೆಯಿಂದ ಈ ಕಡಲು ನೋಡಿದೀನಿ."

"ಆಯ್ತು ಮಾರಾಯ್ತಿ."

ನಂಬಿದಳು.

ಜನವರಿ ೧೩, ಬೆಳಿಗ್ಗೆ ಏಳು

ದೋಣಿ ಇಲ್ಲ.

ನೀರು ನನ್ನ ಗೆರೆ ದಾಟಿಲ್ಲ. ಮರಳ ಮೇಲೆ ಉಜ್ಜಿದ ಗುರುತು — ಗಾಳಿ ಜಾರಿಸಿಕೊಂಡು ಹೋಗಿದೆ. ನಮ್ಮ ಮರದ ದೋಣಿಗೆ ಎಂಟಾಳು ಹೆಗಲು ಕೊಡಬೇಕಿತ್ತು. ನೀರಿಗೆ ಹೆದರುತ್ತಿದ್ದೆವು, ಗಾಳಿಗಲ್ಲ. ಇದು ಖಾಲಿಯಾದರೆ ಒಣ ಸಿಪ್ಪೆ. ಅಷ್ಟು ಹೊಳೆಯಲಿಲ್ಲ ಈ ಮುದಿ ತಲೆಗೆ.

ಅಷ್ಟು ದೂರದಲ್ಲಿ ತೇಲುತ್ತಿತ್ತು. ಫೋನು, ಲೈಫ್ ಜಾಕೆಟ್ಟು ಎರಡೂ ಅದರಲ್ಲೇ. ಬೈಯಲಿಲ್ಲ ಅವಳು. ಬೈದಿದ್ದರೆ ನಾನೂ ಬೈದು ಕೂರಿಸುತ್ತಿದ್ದೆ...

"ಹೋಗ್ಬೇಡ ಪುಟ್ಟಿ. ನೀನು ಈಜೋದಕ್ಕಿಂತ ಜೋರಾಗಿ ಓಡುತ್ತೆ ಅದು."

"ಇಲ್ಲೇ ಇದೆಯಲ್ಲ ಅಜ್ಜಿ. ಹತ್ತು ನಿಮಿಷ. ಟೀ ಕಾಯಿಸಿರು."

ಅದೇ ದಿನ, ಹತ್ತು ಗಂಟೆ

ಟೀ ಆರಿದೆ. ಬಂಡೆ ಹತ್ತಿದೆ. ಮೊದಲು ತಲೆಯೂ ದೋಣಿಯೂ ಕಾಣುತ್ತಿದ್ದವು. ಆಮೇಲೆ ದೋಣಿ ಮಾತ್ರ. ಈಗ ಅದೂ ಇಲ್ಲ. ಪಕ್ಕದ ದ್ವೀಪದ ದಡ ಸೇರಿರಬಹುದು. ಸೇರಿರುತ್ತಾಳೆ. ಹಟಮಾರಿ, ನನ್ನದೇ ರಕ್ತ.

ಕೂಗಿ ಕೂಗಿ ಗಂಟಲು ಹೋಗಿದೆ. ಊರಿಗೆಲ್ಲ ಕೇಳುವ ಬಾಯಿ ಅನ್ನುತ್ತಿದ್ದರು. ಎಲ್ಲಿ ಕೇಳಿತು?

ಜನವರಿ ೧೫

ನಿನ್ನೆ ಬರೆಯಲಾಗಲಿಲ್ಲ. ಹಸಿ ಸೊಪ್ಪು ಸುಟ್ಟು ಹೊಗೆ ಹಾಕುತ್ತಲೇ ಇದ್ದೆ. ಬಾವಿಯ ನೀರು ಸಿಹಿ. ಗುಟುಕು ಇಳಿಯುವಾಗಲೆಲ್ಲ ನಾಚಿಕೆ.

ಮಧ್ಯಾಹ್ನ ಹೊಗೆ ನೋಡಿ ಮೀನಿನ ದೋಣಿಯೊಂದು ಬಂತು. ಇಬ್ಬರು ಗಂಡಸರು. ದೊಡ್ಡವನು ಇಂಜಿನ್ ನಿಲ್ಲಿಸಿ ಕೇಳಿದ:

"ಎಷ್ಟು ಜನ ಇದ್ದೀರಿ ಅಜ್ಜಿ?"

"ಇಬ್ಬರು."

ಟೆಂಟಿನೊಳಗೆ ಇಣುಕಿದ. ನನ್ನ ಮುಖ ನೋಡಿದ. ಹೇಳಿದೆ, ಎಲ್ಲ.

"ನೀವು ಹತ್ತಿ ಮೊದಲು. ದಡಕ್ಕೆ ಬಿಟ್ಟು ಬಂದು ಹುಡುಕ್ತೀವಿ."

"ನನ್ನನ್ನೇನು ಗಾಳಿ ಹೊತ್ಕೊಂಡು ಹೋಗುತ್ತಾ? ಹೋಗ್ರಪ್ಪಾ, ಆ ಪಕ್ಕದ ದ್ವೀಪ ನೋಡ್ಕೊಂಡು ಬನ್ನಿ. ಕಾಲಿಗೆ ಬೀಳ್ತೀನಿ."

ಹೋದರು. ಕೈ ಸುಮ್ಮನಿರಲಾರದೆ ಇದನ್ನು ಬರೆಯುತ್ತಾ ಕೂತಿದ್ದೇನೆ.

ಇಂಜಿನ್ ಸದ್ದು. ಬರುತ್ತಿದ್ದಾರೆ. ನಿಧಾನಕ್ಕೆ ಯಾಕೆ ಬರುತ್ತಿದ್ದಾರೆ? ಬಿಸಿಲು ಕಣ್ಣು ಕುಕ್ಕುತ್ತಿದೆ. ಒಂದು ತಲೆ. ಎರಡು. ಎರಡೂ ಆ ಗಂಡಸರದೇ. ಬಲೆ ರಾಶಿಯ ಪಕ್ಕದಲ್ಲಿ —