ಪೆಟ್ಟಿಗೆಗೆ ಜೋಡಿ ಕೂಡಿಸಿದ್ದು

ಅಂಗಡಿಯ ಹಿಂದಿನ ಕೋಣೆ,
ಬುಧವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆರಳ ತುದಿಯ ಗಾಯ ಮಾಯಿತೇ? ಗಿಟಾರಿನ ತಂತಿ ಬದಲಾಯಿಸುವಾಗ ಕನ್ನಡಕ ಹಾಕಿಕೋ ಎಂದರೆ ನಗುತ್ತೀಯ. ತಂತಿ ಕಿತ್ತು ಕಣ್ಣಿಗೆ ಬಡಿದ ದಿನ ಆ ನಗು ಎಲ್ಲಿ ಹೋಗುತ್ತದೋ ನೋಡುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲಾ ನಿಮ್ಮ ಬ್ಯಾಂಡಿನ ಡ್ರಮ್ಮಿನವನು ತಿಂದು ಬಿಟ್ಟದ್ದನ್ನು ಉಳಿದವರೆಲ್ಲ ಹಂಚಿಕೊಳ್ಳುತ್ತೀರಾ? ನನ್ನ ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಬಾಯಿ ಬಿಟ್ಟು ಬೈಯುತ್ತದೆ. ನಿನ್ನಪ್ಪ ಸ್ವಲ್ಪ ಇಳಿದಿದ್ದಾರೆ, ಊಟ ಮಾತ್ರ ಬಿಟ್ಟಿಲ್ಲ. ಫೋನಿನಲ್ಲಿ ಹೇಳುವುದು ಬಿಟ್ಟು ಇವಳು ಯಾಕೆ ಕಾಗದ ಹಿಡಿದು ಕೂತಳು ಎಂದು ಹುಬ್ಬೇರಿಸಬೇಡ. ಬಾಯಿಯಿಂದಲೇ ಈ ಸ್ಪೀಕರ್ ಅಂಗಡಿ ನಡೆಸಿದವಳು ನಾನು, ನಿಜ. ಆದರೆ ಈ ಮಾತನ್ನು ಅಳದೆ ಮುಗಿಸುತ್ತೇನೆಂಬ ಭರವಸೆ ನನಗಿಲ್ಲ. ಕಾಗದವಾದರೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಬರೆಯಬಹುದು.

ಮೊದಲು ಒಳ್ಳೆಯ ಸುದ್ದಿ. ಬ್ಯಾಂಡಿನ ಕೆಲಸಕ್ಕೆ ಹಡಗು ಹತ್ತುವ ಮೊದಲು ಬೇಕು ಎಂದಿದ್ದೆಯಲ್ಲ, ನಿನ್ನ ಗಿಟಾರಿನ ಸ್ಪೀಕರ್ ಪೆಟ್ಟಿಗೆ ಸಿದ್ಧವಾಗಿದೆ. ಅಪ್ಪ ಹಲಗೆಯ ಮೂಲೆಗಳನ್ನು ಹಲ್ಲಿಗೆ ಹಲ್ಲು ಕೂರಿಸಿ ಅಂಟಿಸಿದ್ದಾರೆ, ಮೂಲೆಯಲ್ಲಿ ಒಂದು ಮೊಳೆಯೂ ಇಲ್ಲ. ಹಿಂಬದಿ ಅರ್ಧ ತೆರೆದಿದೆ. ಮುಂದುಗಡೆಯ ಕಪ್ಪು ಬಟ್ಟೆಯನ್ನು ಎಳೆದು ಹಿಡಿದವಳು ನಾನು, ಆದ್ದರಿಂದ ಎಲ್ಲಾದರೂ ಸೊಟ್ಟಗಿದ್ದರೆ ಅಪ್ಪನನ್ನು ಅನ್ನಬೇಡ. ನಿನ್ನ ಆಂಪ್ಲಿಫೈಯರ್ ಎಂಟು ಓಮ್ ಕೇಳುತ್ತದೆ, ಹಾಗಾಗಿ ಹದಿನಾರು ಓಮಿನ ಎರಡು ಸ್ಪೀಕರನ್ನು ಪಕ್ಕಪಕ್ಕಕ್ಕೆ ಜೋಡಿಸಿ ಅರ್ಧಕ್ಕೆ ಇಳಿಸಿದ್ದಾರೆ. ಮದುವೆಯಾದ ಹೊಸದರಲ್ಲಿ ಈ ಲೆಕ್ಕ ನನ್ನ ತಲೆಗೆ ಹತ್ತದೆ ಜಗಳವಾಡಿದ್ದೆ. ಎರಡು ಸೇರಿದರೆ ಹೆಚ್ಚಾಗಬೇಕು, ಅರ್ಧ ಯಾಕಾಗುತ್ತದೆ ಎಂದು ಕೇಳಿದ್ದಕ್ಕೆ ಈ ಮಹಾಶಯರು, “ಸಂಸಾರ ಮಾಡಿ ನೋಡು, ಗೊತ್ತಾಗುತ್ತೆ” ಅಂದಿದ್ದರು. ಮಾಡಿ ನೋಡಿದೆ. ಗೊತ್ತಾಯಿತು.

ಜೋಡಿಯ ವಿಷಯದಲ್ಲಿ ಅವರ ಹಟ ನಿನಗೆ ತಿಳಿದದ್ದೇ. ಒಂದೇ ತರಹದ ಎರಡು ಸ್ಪೀಕರನ್ನು ಒಂದು ಪೆಟ್ಟಿಗೆಗೆ ಹಾಕಿ ಕೊಡುವುದು ಅವರಿಗೆ ಸೋಮಾರಿಗಳ ಕೆಲಸ. “ಒಂದು ಮಾತಾಡಬೇಕು, ಒಂದು ಹೂಂಗುಟ್ಟಬೇಕು” ಎನ್ನುತ್ತಿದ್ದರು. ಕೋನಿನ ಕಾಗದ ತೆಳುವಾಗಿರುವ, ಚುರುಕು ದನಿಯದ್ದು ಮಾತಾಡುವುದು. ದಪ್ಪ ಕಾಗದ, ದೊಡ್ಡ ಮ್ಯಾಗ್ನೆಟ್ಟು, ಎದೆಯಿಂದ ಬರುವ ದನಿಯದ್ದು ಹೂಂಗುಟ್ಟುವುದು. ಎರಡರ ಜೋರು ಹೆಚ್ಚುಕಡಿಮೆ ಸಮ ಇರಬೇಕು, ಇಲ್ಲದಿದ್ದರೆ ಜೋರಿನದ್ದು ಇನ್ನೊಂದನ್ನು ನುಂಗಿ ಕೂರುತ್ತದೆ. ಎರಡೂ ಮಾತಾಡುವುದೇ ಆದರೆ ಕೇಳುವವನ ತಲೆ ಚಿಟ್ಟು ಹಿಡಿಯುತ್ತದೆ, ಎರಡೂ ಹೂಂಗುಟ್ಟಿದರೆ ಹಾಡು ಕಂಬಳಿ ಹೊದ್ದು ಮಲಗುತ್ತದೆ. ಅಂಗಡಿಗೆ ಬಂದ ದಂಪತಿಗಳನ್ನೂ ಅವರು ಇದೇ ಕಣ್ಣಿನಿಂದ ಅಳೆದು, ಅವರು ಬೀದಿ ದಾಟಿದ ಮೇಲೆ ನನ್ನ ಕಿವಿಯಲ್ಲಿ, “ಎರಡೂ ಮಾತಾಡೋವೇ” ಎಂದು ತೀರ್ಪು ಕೊಡುತ್ತಿದ್ದರು. ನಮ್ಮದು ಯಾವ ಜೋಡಿ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಈಗ ನಷ್ಟದ ಕಡೆಗೆ ಬರುತ್ತೇನೆ. ಚಳಿ ಬಿಡುವ ಹೊತ್ತಿಗೆ ಒಬ್ಬ ಬೇಸ್ ಗಿಟಾರಿನವನು ರಿಪೇರಿಗೆ ಕೊಟ್ಟಿದ್ದ ಸ್ಪೀಕರನ್ನು ವಾಪಸು ತಂದ. ಕಾಗದದ ಕೋನನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಒಳಗಿನ ತಂತಿಸುರುಳಿ ಎಲ್ಲಾದರೂ ತಾಗುತ್ತಿದ್ದರೆ ಸಣ್ಣಗೆ ಉಜ್ಜುವ ಸದ್ದು ಬರುತ್ತದೆ, ಒಣಗಿದ ಎಲೆಯ ಮೇಲೆ ಇರುವೆ ನಡೆದಷ್ಟು. ಆ ಸದ್ದು ನಿನ್ನಪ್ಪನಿಗೆ ಬೀದಿಯಲ್ಲಿ ಲಾರಿ ಹೋಗುತ್ತಿದ್ದರೂ ಕೇಳಿಸುತ್ತಿತ್ತು. ಈ ಸಲ ಅವರು ಒತ್ತಿದರು, ಬಿಟ್ಟರು, “ಸರಿ ಇದೆಯಲ್ಲ” ಎಂದರು. ಸದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿತು. ಅವನು ನನ್ನ ಮುಖ ನೋಡಿದ. ನಾನು ಗಿರಾಕಿಗಳಿಗೆಂದೇ ಇಟ್ಟುಕೊಂಡಿರುವ ನಗೆ ನಕ್ಕು, ನಾಳೆ ಬನ್ನಿ, ಹೊಸದಾಗಿ ಮಾಡಿಕೊಡುತ್ತೇವೆ ಎಂದೆ. ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಗಿರಾಕಿಗಳು ಏನು ಕೇಳಿದರೂ ಇವರದು “ಹೂಂ”. ಎಷ್ಟು ದಿನ ಬೇಕು ಅಂದರೂ ಹೂಂ, ಯಾವ ಕಂಪನಿಯದು ಅಂದರೂ ಹೂಂ. ಬಂದವರು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ತಿರುಗುವಷ್ಟರಲ್ಲಿ ನಾನೇ ಉತ್ತರ ಹೇಳಿಬಿಡುತ್ತಿದ್ದೆ. ಇದನ್ನು ನಾನು ಅವರ ಹತ್ತಿರ ಎತ್ತಲಿಲ್ಲ. ಕಿವಿಯಿಂದ ಬಾಳಿದ ಮನುಷ್ಯನಿಗೆ ನಿಮ್ಮ ಕಿವಿ ಹೋಗುತ್ತಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ನಿನ್ನ ಪೆಟ್ಟಿಗೆಗೆ ಜೋಡಿ ಕೂಡಿಸಿದ್ದು ಹೋದ ಶುಕ್ರವಾರ. ಇರುವ ಸ್ಪೀಕರುಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟುಕೊಂಡು, ನಿನ್ನ ಹಳೆಯ ಗಿಟಾರನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರು. “ಏ ಇವಳೇ, ಇಲ್ಲಿ ಎದುರಿಗೆ ನಿಂತ್ಕೋ” ಎಂದರು. ನಿಂತೆ. ನುಡಿಸುವುದು, ಬಿಚ್ಚುವುದು, ಇನ್ನೊಂದು ಹಾಕುವುದು, ನನ್ನ ಕಡೆ ನೋಡುವುದು. ಎದೆಯ ದನಿಯದ್ದನ್ನು ಹಾಕಿದಾಗಲೆಲ್ಲ, “ಮಂಕು ಹೊಡೀತಿದೆ, ಬಾಯಿಗೆ ಬಟ್ಟೆ ಕಟ್ಟಿದ ಹಾಗಿದೆ” ಎಂದು ತೆಗೆದಿಟ್ಟರು. ಕೊನೆಗೆ ಉಳಿದದ್ದು ಎರಡೂ ಮಾತಾಡುವವೇ, ಅದರಲ್ಲೂ ಕಿರುಚುವ ಜಾತಿಯವು. ತಂತಿ ಉಲ್ಟಾ ಆಗಿಲ್ಲ ತಾನೇ ಎಂದು ಬ್ಯಾಟರಿ ಮುಟ್ಟಿಸಿ, ಎರಡರ ಕೋನೂ ಒಟ್ಟಿಗೆ ಮುಂದೆ ಜಿಗಿಯುತ್ತದೆಯೇ ನೋಡಿದರು. ಬೆಸುಗೆ ಹಾಕಿದರು, ಒಂದೊಂದು ಬೆಸುಗೆಯೂ ಕನ್ನಡಿಯ ಹಾಗೆ. ಕೈಯ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ. ಆಮೇಲೆ ನುಡಿಸಿದರು ನೋಡು, ನನ್ನ ಹಲ್ಲಿನ ಬುಡದಲ್ಲಿ ಯಾರೋ ತಂತಿ ಎಳೆದ ಹಾಗಾಯಿತು. ಪಕ್ಕದ ಅಂಗಡಿಯ ದರ್ಜಿ ಎರಡೂ ಕಿವಿ ಮುಚ್ಚಿಕೊಂಡು ಬಾಗಿಲಿಗೆ ಬಂದು, “ಅಕ್ಕಾ, ಸೂಜಿ ಇರೋದು ನನ್ನ ಅಂಗಡೀಲಿ. ನೀವ್ಯಾಕೆ ಜನರ ಕಿವಿಗೆ ಹೊಲಿಗೆ ಹಾಕ್ತಿದ್ದೀರಿ?” ಎಂದ. ಅವನನ್ನು ಕಣ್ಣಲ್ಲೇ ಗದರಿಸಿ ಕಳಿಸಿದೆ. ನಿನ್ನಪ್ಪ ತಲೆಯೆತ್ತಿ, “ಹೇಗಿದೆ?” ಎಂದು ನನ್ನನ್ನು ಕೇಳಿದರು. “ತುಂಬ ಚೆನ್ನಾಗಿದೆ ರೀ” ಎಂದೆ, ಬಾಯಿ ತುಂಬ ನಕ್ಕೆ. ಅವರು ಸ್ಕ್ರೂ ಬಿಗಿದರು.

ಮರುದಿನ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದೆ. ಅವರು ಬೆಸುಗೆ ಕಡ್ಡಿಗೆ ಕರೆಂಟು ಕೊಡದೆ ಸುಮ್ಮನೆ ಕೂತಿದ್ದರು. “ನಿನ್ನೆ ದರ್ಜಿ ಏನಂದ?” ಎಂದರು. “ಭೇಷ್ ಅಂದ” ಎಂದೆ. “ಭೇಷ್ ಅನ್ನೋನು ಎರಡೂ ಕಿವಿ ಯಾಕೆ ಮುಚ್ಕೊಂಡಿದ್ದ?” ಎಂದರು. ಪುಟ್ಟೀ, ಎಂಥೆಂಥ ಗಿರಾಕಿಗಳ ಮುಂದೆ ಮಾತು ತಡವರಿಸದವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ. ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. “ಮೇಲಿನ ಸ್ವರ ನನಗೆ ಕೇಳ್ಸಲ್ಲ ಕಣೇ. ಚಳಿಗಾಲದಿಂದ ಹಾಗೇ ಇದೆ. ಅಂಟು ತರೋಕೆ ಹೋಗ್ತೀನಿ ಅಂತ ಹೇಳಿ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ” ಎಂದರು. ಆಮೇಲೆ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. “ಅದಕ್ಕೇ ನಿನ್ನನ್ನ ಎದುರಿಗೆ ನಿಲ್ಲಿಸಿಕೊಂಡಿದ್ದು. ದನಿ ಚುಚ್ಚಿದ್ರೆ ನಿನ್ನ ಮೂಗು ಸೊಟ್ಟಗಾಗುತ್ತೆ, ಇಷ್ಟು ವರ್ಷದಿಂದ ನೋಡಿದೀನಿ. ಈಚೆಗೆ ನಿನ್ನ ಮೂಗು ನೋಡ್ಕೊಂಡೇ ಕೆಲಸ ಮಾಡ್ತಿದ್ದೆ. ನಿನ್ನೆ ನೀನು ಗಿರಾಕಿಗೆ ನಗೋ ನಗು ನಕ್ಕುಬಿಟ್ಟೆ.”

ನಾನು ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನಂಬಿಕೊಂಡಿದ್ದ ಕಿವಿಗೇ ಹತ್ತಿ ತುರುಕಿದ್ದೆ. ಗಿರಾಕಿಯ ಮುಂದೆ ಮುಖ ಕೆಡಬಾರದು ಎಂಬುದು ನಾನೇ ನನಗೆ ಕಲಿಸಿಕೊಂಡ ವ್ಯಾಪಾರ. ಅದನ್ನು ಗಂಡನ ಮುಂದೆಯೂ ಹರಡಿ ಕೂತದ್ದು ನನಗೇ ಗೊತ್ತಾಗಲಿಲ್ಲ. ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ಎದ್ದು ಸ್ಕ್ರೂಡ್ರೈವರ್ ತೆಗೆದುಕೊಂಡು, “ಬಾ, ಮೂಗು ತಗೊಂಡು ಬಾ” ಎಂದರು.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ನಾನು ಮುಖವನ್ನು ಅದರ ಪಾಡಿಗೆ ಬಿಟ್ಟೆ. ಚುಚ್ಚಿದರೆ ಸಿಂಡರಿಸಿದೆ, ಮಂಕಾದರೆ ಆಕಳಿಸಿದೆ. ನನ್ನ ಮೂಗು ಇಷ್ಟು ದುಡಿದದ್ದು ಇದೇ ಮೊದಲು. ಕಿರುಚುವ ಎರಡರಲ್ಲಿ ಒಂದು ಉಳಿಯಿತು, ಅದರ ಪಕ್ಕಕ್ಕೆ ಎದೆಯ ದನಿಯದ್ದನ್ನು ಒಂದೊಂದಾಗಿ ಇಟ್ಟು ನೋಡಿದರು. ಹೊಸವುಗಳ ಕಾಗದ ಇನ್ನೂ ಬಿಗಿಯಾಗಿತ್ತು, ಬಾಗಲಿಲ್ಲ. ಕೊನೆಗೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯೊಂದರಿಂದ ಒಂದನ್ನು ಬಿಚ್ಚಿ ತಂದರು. ಯಾರೋ ವರ್ಷಗಟ್ಟಲೆ ನುಡಿಸಿ ಪಳಗಿಸಿದ ಕಾಗದ. ಅದನ್ನು ಸೇರಿಸಿ ನುಡಿಸಿದಾಗ ಇಡೀ ಅಂಗಡಿಗೆ ಒಮ್ಮೆಗೇ ಬೆಳಕು ಬಂದಂತಾಯಿತು. ಒಂದು ಹೇಳಿತು, ಇನ್ನೊಂದು ಕೇಳಿಸಿಕೊಂಡಿತು. ಅದನ್ನು ಕೂಡಿಸಿದವರಿಗೆ ಅದರಲ್ಲಿ ಅರ್ಧ ಕೇಳಿಸುತ್ತಿಲ್ಲ ಎನ್ನುವುದು ನೆನಪಾಗಿ ನನ್ನ ಕಣ್ಣು ತುಂಬಿತು. ಅವರು ತಟ್ಟನೆ ನುಡಿಸುವುದು ನಿಲ್ಲಿಸಿ, “ಇದೂ ಚುಚ್ಚುತ್ತಾ?” ಎಂದು ಮತ್ತೆ ಸ್ಕ್ರೂಡ್ರೈವರಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದುಕೊಂಡೆ. ಅಳುತ್ತಲೇ ತಲೆ ಅಲ್ಲಾಡಿಸಿದೆ. ಬಿಚ್ಚಬೇಡಿ, ಇದೇ ಇರಲಿ ಎಂದೆ, ಮತ್ತೆ ಮತ್ತೆ ಎಂದೆ, ಎಷ್ಟು ಕೇಳಿಸಿತೋ. ಅವರು ನನ್ನ ಮುಖವನ್ನು ಬಹಳ ಹೊತ್ತು ಓದಿದರು. ಆಮೇಲೆ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಲ್ಲಿ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿ, “ಕೆಳಗಿನದು ಬರ್ತಿದೆ. ಮೇಲಿನದು ನೀನು ಹೇಳಿದ ಹಾಗೆ” ಎಂದರು. ಇನ್ನು ಮುಂದೆ ಜೋಡಿಯ ಕೆಲಸ ಒಪ್ಪಿಕೊಳ್ಳಬೇಡ, ಹಲಗೆ ಮತ್ತು ಬೆಸುಗೆಯ ಕೆಲಸ ಮಾತ್ರ ಹಿಡಿ ಎಂದು ನನಗೆ ಹೇಳಿ, ಬೆಂಚನ್ನು ಒರೆಸಿ, ಉಳಿದ ಸ್ಪೀಕರುಗಳನ್ನೆಲ್ಲ ತಾವೇ ಕಪಾಟಿಗೆ ಇಟ್ಟರು. ಒಂದೊಂದನ್ನೂ ಇಡುವ ಮೊದಲು ಹೆಬ್ಬೆರಳಿನಿಂದ ಒತ್ತಿ, ಕಿವಿಯನ್ನು ಹತ್ತಿರ ತಂದು ನೋಡುತ್ತಿದ್ದರು. ನಾನು ಒಳಗೆ ಹೋಗಿ ಟೀ ಮಾಡಿದೆ.

ಪೆಟ್ಟಿಗೆಯನ್ನು ಬಳಸುವಾಗ ಮೊದಲ ಕೆಲವು ದಿನ ತೀರಾ ಜೋರು ಬೇಡವಂತೆ, ಮಾತಾಡುವ ಸ್ಪೀಕರು ಹೊಸದು, ಅದು ಪಳಗಬೇಕು. ಗೋಡೆಗೆ ತಾಗಿಸಿ ಇಡಬೇಡ. ಹಡಗಿನ ಉಪ್ಪುಗಾಳಿ ತಾಗದಂತೆ ತೆರೆದ ಹಿಂಬದಿಗೆ ಬಟ್ಟೆ ಮುಚ್ಚು. ನಿಮ್ಮ ಡ್ರಮ್ಮಿನವನು ಅದರ ಮೇಲೆ ಕೂರಬಾರದು, ಇದು ನನ್ನ ಕಡೆಯಿಂದ. ಇಷ್ಟನ್ನೂ ಬರೆ ಎಂದು ಹೇಳಿದವರು ಕಿವಿಯ ವಿಷಯ ಮಾತ್ರ ಬರೆಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಮಾತು ಕೊಟ್ಟೆ. ಕೊಡುವಾಗ ಮೂಗು ಸೊಟ್ಟಗಾಗಿತ್ತು, ಅವರು ನೋಡಿಕೊಳ್ಳಬೇಕಿತ್ತು.

ನಿನ್ನ ಜೊತೆಯವರಿಗೆಲ್ಲ ನನ್ನ ನೆನಪು ಹೇಳು. ಒಳ್ಳೆಯದಾಗಲಿ ಮಗಳೇ, ಬೆರಳು ಸುಖವಾಗಿರಲಿ, ಕಾಲಿನ ಕೆಳಗಿನ ನೀರು ಶಾಂತವಾಗಿರಲಿ.

ನಿನ್ನ
ಅಮ್ಮ

ತಾ.ಕ.: ಅಂಚೆಯವನು ಬಂದ, ಬೇಗ ಬರೆಯುತ್ತೇನೆ. ಡಾಕ್ಟರು ಹೇಳಿದ್ದನ್ನು ಮೇಲೆ ಬರೆಯಲಾಗಲಿಲ್ಲ. ಬಲಗಿವಿ ಮುಗಿದಿದೆ. ಎಡಗಿವಿಯಲ್ಲಿ ಸ್ವಲ್ಪ ಇದೆ, ಅದೂ ಈ ವರ್ಷ ಪೂರ್ತಿ ಬಾಳುವುದಿಲ್ಲವಂತೆ. ಯಂತ್ರ ಹಾಕಿದರೆ ಸದ್ದು ಬರುತ್ತದೆ, ಯಾರ ದನಿ ಎಂದು ಗೊತ್ತಾಗುವುದಿಲ್ಲವಂತೆ. ಫೋನಿನಲ್ಲಿ ನಿನ್ನ ದನಿ ಅವರಿಗೆ ಸಿಗುತ್ತಿಲ್ಲ ಪುಟ್ಟೀ, ನೀನು ಇಟ್ಟ ಮೇಲೆ “ಏನಂದ್ಲು?” ಎಂದು ನನ್ನನ್ನು ಕೇಳುತ್ತಾರೆ. ಹಡಗು ಹತ್ತಿದರೆ ನೀನು ಇಳಿಯುವುದು ಮುಂದಿನ ವರ್ಷವೇ. ಅದಕ್ಕೇ ಪೆಟ್ಟಿಗೆಯನ್ನು ಲಾರಿಗೆ ಹಾಕಿಲ್ಲ, ಹಾಕುವುದೂ ಇಲ್ಲ. ಬೇಕಾದರೆ ನೀನೇ ಬಂದು ತೆಗೆದುಕೊಂಡು ಹೋಗು. ಬಂದವಳು ಅವರ ಎಡಗಡೆ ಕೂತು ಮಾತಾಡು. ಏನು ಬೇಕಾದರೂ ಮಾತಾಡು, ಜಗಳವಾದರೂ ಆಡು, ಕೇಳಿಸಲಿ.