ಇಬ್ಬರಿಗೂ ಒಂದೇ ನಂಬರು

ಮಂಗಳವಾರ, ಬೆಳಿಗ್ಗೆ ಹತ್ತೂವರೆ

ಮಗಳೇ,

ಒಂದೇ ಮನೆಯಲ್ಲಿರೋ ಅತ್ತೆ ನೀನು ಕೆಲಸ ಮಾಡೋ ಕನ್ನಡಕದ ಅಂಗಡಿಗೆ ಯಾಕೆ ಕಾಗದ ಕಳಿಸಿದಳು ಅಂತ ಗಾಬರಿಯಾಗಬೇಡ. ಗಾಬರಿಯಾಗಿರೋಳು ನಾನು.

ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ಇಸ್ಪೀಟು ಆಡ್ತೀನಿ ಅಂತ ತಮಾಷೆ ಮಾಡ್ತೀರಲ್ಲ, ಅದು ಇಸ್ಪೀಟಲ್ಲ. ಗಂಡನ ಕಾಟ ತಾಳಲಾರದವರು ಹೆಸರು ಹೇಳದೆ ಬರೆದುಕೊಳ್ಳೋ ಒಂದು ವೆಬ್‌ಸೈಟಿದೆ. ನನ್ನ ಗೆಳತಿ ನರ್ಸಮ್ಮ ನಡೆಸೋದು. ಅಲ್ಲಿ ಉತ್ತರ ಬರೆಯೋ 'ದೊಡ್ಡಕ್ಕ' ನಾನೇ.

ನಿನ್ನೆ ಯಾರೋ ಪೋಲಿ ಅಲ್ಲಿಗೆ ಬಂದು ಹೊಲಸು ಬರೆದ. ಅವನನ್ನ ತಡೆಯೋದು ಹೇಗೆ ಅಂತ ನರ್ಸಮ್ಮ ಫೋನಲ್ಲಿ ಹೇಳಿಕೊಟ್ಟಳು. ಪ್ರತಿ ಬರಹದ ಪಕ್ಕ ನಮಗಷ್ಟೇ ಕಾಣೋ ಒಂದು ನಂಬರಿರುತ್ತೆ, ಐಪಿ ಅಡ್ರೆಸ್ ಅಂತ. ನೋಡ್ತಾ ಹೋದರೆ, 'ಕಿಟಕಿ' ಅನ್ನೋ ಹೆಸರಲ್ಲಿ ಬರೆಯೋಳ ನಂಬರೂ ನನ್ನದೂ ಒಂದೇ. ನಂದೇ ಏನೋ ಎಡವಟ್ಟು ಅಂದುಕೊಂಡೆ. ಅದು ಮನುಷ್ಯರ ನಂಬರಲ್ಲವಂತೆ, ಮನೆಯ ವೈಫೈದಂತೆ. ಒಂದು ಮನೆಯಿಂದ ಯಾರೇ ಬರೆದರೂ ಹೊರಗೆ ಅದೇ ಕಾಣುತ್ತಂತೆ. ಈ ಮನೆಯಲ್ಲಿ ಹೆಂಗಸರು ನಾವಿಬ್ಬರೇ.

ಕೆಲಸದಿಂದ ಹತ್ತು ನಿಮಿಷ ತಡವಾದರೆ ಬಾತ್‌ರೂಮಲ್ಲಿ ಕೂಡಿಹಾಕ್ತಾನೆ, ನಲ್ಲಿ ಬಿಟ್ಟುಕೊಂಡು ಅಳ್ತೀನಿ ಅಂತ ನೀನು ಬರೆದಿದ್ದೆ. ಆ ನಲ್ಲಿ ಸದ್ದು ನನಗೆ ಕೇಳಿಸಿತ್ತು ಕಣೇ. ಇವಳಿಗೆಷ್ಟು ಹೊತ್ತು ಸ್ನಾನ ಅಂತ ಗೊಣಗಿದ್ದೆ.

ಅವನನ್ನ ಬಿಟ್ಟು ಹೊರಡಮ್ಮ ಅಂತ ಮೂರು ಸಲ ಬರೆದೆ. ನನ್ನ ಮಗ ಅಂತ ಗೊತ್ತಿದ್ದಿದ್ದರೆ ಹೊಂದಿಕೊಂಡು ಹೋಗು ಅಂತಿದ್ದೆನೇನೋ. ಅದನ್ನ ನೆನೆದರೆ ನನ್ನ ಮೇಲೆ ನನಗೇ ಅಸಹ್ಯ ಆಗುತ್ತೆ.

ನರ್ಸಮ್ಮ ಇನ್ನೊಂದು ವಿಷಯವನ್ನೂ ಹೇಳಿದಳು. ವೈಫೈ ಹಾಕಿಸಿದವನು ಅವನು, ಪಾಸ್‌ವರ್ಡೂ ಅವನದೇ. ನಾವು ಯಾವ ವೆಬ್‌ಸೈಟಿಗೆ ಹೋದೆವು ಅಂತ ಅವನು ಅದರಲ್ಲಿ ನೋಡಬಹುದಂತೆ. ನಿನ್ನ ಫೋನಲ್ಲಿ ಅಳಿಸಿದರೂ ಅಲ್ಲಿ ಉಳಿದಿರುತ್ತಂತೆ. ಹೆಸರು ಹೇಳಬೇಕಿಲ್ಲ, ಇಲ್ಲಿ ಯಾರಿಗೂ ನೀನ್ಯಾರು ಅಂತ ಗೊತ್ತಾಗಲ್ಲ ಅಂತ ನಾನೇ ನಿನಗೆ ಭರವಸೆ ಕೊಟ್ಟಿದ್ದೆನಲ್ಲ.

ಇವತ್ತು ಸಂಜೆ ಮನೆಗೆ ಬರಬೇಡ. ಈ ಕಾಗದ ಕೊಟ್ಟವಳೇ ನರ್ಸಮ್ಮ, ಅವಳ ಜೊತೆ ಹೋಗು. ನಿನ್ನ ಬಟ್ಟೆ, ಸರ್ಟಿಫಿಕೇಟು ಅವಳ ಕಾರಲ್ಲಿವೆ. ಫೋನು ಆಫ್ ಮಾಡಿ ಅಂಗಡಿಯಲ್ಲೇ ಬಿಡು, ಅದು ಅವನು ಕೊಡಿಸಿದ್ದು. ಎಲ್ಲಿದ್ದೀನಿ ಅಂತ ನನಗೂ ಹೇಳಬೇಡ.

ನಿನ್ನ
ಅತ್ತೆ

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅವನ ಫೋನ್ ಬಂತು. ಆ ವೆಬ್‌ಸೈಟಿನ ಹೆಸರು ಹೇಳಿ, ಮನೆಯಿಂದ ಅಲ್ಲಿಗೆ ಹೋಗೋರು ಯಾರು ಅಂತ ಕೇಳಿದ. ನಾನೇ ಅಂದೆ. 'ಕಿಟಕಿ' ಬರೆದಿದ್ದನ್ನೂ ಓದಿದ್ದನಂತೆ. ಅದೂ ನಾನೇ, ತೀರಿಕೊಂಡ ನಿಮ್ಮಪ್ಪನ ವಿಷಯ, ಈಗ ಬರೆದು ಹಗುರಾಗ್ತಿದ್ದೀನಿ ಅಂದೆ. ಫೋನ್ ಇಟ್ಟ. ನಂಬಿದ, ಅವರಪ್ಪನ ಕಾಟ ಅವನೇ ಕಣ್ಣಾರೆ ಕಂಡಿದ್ದ. ನಾನು ಹೊರಗೆ ಹೋಗದ ಹಾಗೆ ಅವರಪ್ಪ ನನ್ನ ಚಪ್ಪಲಿ ಬಚ್ಚಿಟ್ಟಾಗೆಲ್ಲ, ಆಗಿನ್ನೂ ಎಂಟು ವರ್ಷದ ಮಗು, ಹುಡುಕಿ ತಂದುಕೊಡ್ತಿದ್ದವನು ಅವನೇ.