ಮನೆಬಸ್ಸಿನ ಬಾಲಕ್ಕೆ ಕಟ್ಟಿದ ಕಾರು

ಫೆಬ್ರವರಿ 2, ಭಾನುವಾರ. ಕ್ವಾರ್ಟ್ಸೈಟ್, ಅರಿಜೋನಾ

ಇದು ತಪ್ಪು. ಕರೆಂಟಿನ ಕಾರನ್ನು ಅಜ್ಜ-ಅಜ್ಜಿ ಮನೆ ಮಾಡಿಕೊಂಡಿರುವ, ಡೀಸೆಲ್ ಕುಡಿಯುವ ಮನೆಬಸ್ಸಿನ ಬಾಲಕ್ಕೆ ಕಟ್ಟಿ ಊರೂರು ಎಳೆಯುವುದು ಶುದ್ಧ ಕಪಟ. ಬೆಳಿಗ್ಗೆ ಅಜ್ಜನಿಗೆ ಹಾಗೇ ಹೇಳಿದೆ. ಬಸ್ಸಿನಡಿ ಮಲಗಿ ಏನೋ ಬಿಗಿಯುತ್ತಿದ್ದ.

"ಆಯ್ತು ಬ್ರಿನ್. ಆ ಸ್ಪ್ಯಾನರ್ ಕೊಡು."

ಕೊಡಲಿಲ್ಲ. ಆಮೇಲೆ ಕೊಟ್ಟೆ.

ಕಾರಿನ ಮುಂದಿನ ಚಕ್ರಗಳು ಒಂದು ಪುಟ್ಟ ಗಾಡಿಯ ಮೇಲೆ, ಹಿಂದಿನವು ನೆಲದ ಮೇಲೆ. ನಾಲ್ಕನ್ನೂ ನೆಲಕ್ಕೆ ಬಿಟ್ಟು ಎಳೆದರೆ ಮೋಟಾರು ಸುಟ್ಟುಹೋಗುತ್ತದಂತೆ. ಕಾರಿಗೂ ಈ ಅನ್ಯಾಯ ಇಷ್ಟವಿಲ್ಲ ಅಂತಾಯಿತು.

ಮಂಗಳವಾರ ಯೂಮಾದಲ್ಲಿ ಅಜ್ಜಿಗೆ ಡಯಾಲಿಸಿಸ್. ತಪ್ಪಿಸುವ ಹಾಗಿಲ್ಲ.

ಫೆಬ್ರವರಿ 3, ಸೋಮವಾರ

ಗಾಳಿ. ಇಂಥ ಅಡ್ಡಗಾಳಿಯಲ್ಲಿ ಬಸ್ಸು ರಸ್ತೆಗಿಳಿಸಬಾರದು. ಹೊರಡುವುದು ನಾಳೆ, ಬೆಳಕು ಹರಿಯುವಾಗ.

ಕಾರಿನಲ್ಲಿ ಚಾರ್ಜ್ ತಳ ಮುಟ್ಟಿದೆ. ಅಜ್ಜ ಜನರೇಟರ್ ಹಾಕಲು ಹೋದ. ಅಡ್ಡ ನಿಂತೆ. ಡೀಸೆಲ್ ಸುಟ್ಟು ಬ್ಯಾಟರಿ ತುಂಬುವುದೆ? ಯೂಮಾದ ಹೊರಗೇ ಚಾರ್ಜರ್ ಇದೆ, ಮ್ಯಾಪಿನಲ್ಲಿ ತೋರಿಸಿದೆ.

"ವರ್ಲೀನ್, ನಿನ್ನ ಮೊಮ್ಮಗಳು ಥೇಟ್ ನಿನ್ನ ಥರಾನೇ."

ಒಳಗಿಂದ ಅಜ್ಜಿ: "ಹಾಗಿದ್ರೆ ವಾದ ಮಾಡ್ಬೇಡ ಡ್ವೈಟ್. ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಗೆದ್ದಿದ್ದೀಯಾ?"

ಜನರೇಟರ್ ಹಾಕಲಿಲ್ಲ. ಗೆದ್ದೆ.

ಫೆಬ್ರವರಿ 4, ಮಂಗಳವಾರ. ಆಸ್ಪತ್ರೆ, ಬೆಳಿಗ್ಗೆ 10

ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಕಾರಿನ ಹಿಂದಿನ ದೀಪಗಳು ಹತ್ತುತ್ತವೆಯೇ ಎಂದು ನೋಡುವ ಶಾಸ್ತ್ರ. ಅಜ್ಜ ಬಸ್ಸಿನ ಸ್ಟಿಯರಿಂಗ್ ಮುಂದೆ. ಅಜ್ಜಿ ಕಾರಿನ ಹಿಂದೆ, ಮಡಚುವ ಕುರ್ಚಿಯಲ್ಲಿ, ಕಂಬಳಿ ಹೊದ್ದು. ಎಡದ ದೀಪ, ಬಲದ್ದು, ಬ್ರೇಕು — ಒಂದೊಂದಕ್ಕೂ ಅಜ್ಜಿ ಕೂಗಬೇಕು. ಈಗ ದನಿ ಏಳುವುದಿಲ್ಲ. ಹೆಬ್ಬೆರಳು ಎತ್ತುತ್ತಾಳೆ, ಅವಳ ಪರವಾಗಿ ನಾನು ಕೂಗುತ್ತೇನೆ. ಈ ಕೆಲಸ ಬೇರೆ ಯಾರಿಗೂ ಬಿಟ್ಟುಕೊಡಳು.

ಯೂಮಾದ ಹೊರಗೆ, ಚಾರ್ಜರ್ ಇದ್ದ ಜಾಗಕ್ಕೆ, ನಾನೇ ಹಟ ಹಿಡಿದು ಅಜ್ಜನ ಕೈಲಿ ಬಸ್ಸು ನುಗ್ಗಿಸಿದೆ. ಚಾರ್ಜರಿನ ಪರದೆ ಕಪ್ಪು. ಕೆಟ್ಟಿದೆ. ಮುಂದೆ ಗೋಡೆ.

"ಹಿಂದಕ್ಕೆ ತಗೋ ಅಜ್ಜ."

"ಹಿಂದಕ್ಕಾ? ಆ ಪುಟ್ಟ ಗಾಡಿ ಅಡ್ಡ ತಿರುಗಿ ಕಾರನ್ನ ಬಸ್ಸಿಗೇ ಬಡಿಯುತ್ತೆ. ಎಲ್ಲಾ ಬಿಚ್ಬೇಕು."

ಕಾರಿನ ಚಕ್ರವನ್ನು ಗಾಡಿಗೆ ಕಟ್ಟಿದ್ದ ಪಟ್ಟಿಯೊಂದು ಬಿಗಿದು ಕೂತಿತ್ತು. ಅಜ್ಜಿಯ ಕಾಲು ಊದಿತ್ತು, ಒಂದೊಂದು ಮಾತಿಗೂ ಉಸಿರು ಹಿಡಿಯುತ್ತಿದ್ದಳು. ಅಜ್ಜ ಕೊನೆಗೆ ಪಟ್ಟಿ ಕುಯ್ದ, ಕಾರು ಇಳಿಸಿದ, ನನಗೆ ಕೀ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೀಟರ್ ಹಾಕ್ಬೇಡ, ಚಾರ್ಜ್ ತಿನ್ನುತ್ತೆ. ನಿಧಾನಕ್ಕೆ ಹೋದ್ರೆ ಮುಟ್ತೀಯ. ಬಸ್ಸು ಬಿಡಿಸ್ಕೊಂಡು ಬರ್ತೀನಿ."

ನನ್ನ ಕೋಟನ್ನೂ ಅಜ್ಜಿಗೆ ಹೊದಿಸಿದೆ. ಕಾರು ಸದ್ದೇ ಇಲ್ಲದೆ ಹೋಗುತ್ತಿತ್ತು.

"ಬಸ್ಸಲ್ಲಿ ನನ್ನ ಎಲುಬೆಲ್ಲಾ ಕುಣಿಯುತ್ತೆ ಮರೀ. ಆಸ್ಪತ್ರೆಯಿಂದ ವಾಪಸ್ ಬರೋವಾಗ ಇದ್ರಲ್ಲಿ ಮಾತ್ರ ನಿದ್ದೆ ಬರೋದು. ಅದಕ್ಕೇ ನಿಮ್ಮಜ್ಜ ಹೋದಲ್ಲೆಲ್ಲಾ ಇದನ್ನ ಎಳ್ಕೊಂಡು ತಿರುಗೋದು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಭಾಷಣ ಮಾಡ್ತಿದ್ಯಲ್ಲ."

ನಕ್ಕಳು, ಕೆಮ್ಮಿದಳು, ನಿದ್ದೆ ಹೋದಳು. ಚಾರ್ಜಿನ ಅಂಕಿಗಿಂತ ಅವಳ ಎದೆಯ ಏರಿಳಿತವನ್ನೇ ಹೆಚ್ಚು ನೋಡಿದೆ.

ತಡವಾಗಿತ್ತು. ನರ್ಸ್ ಗದರಿದಳು, ಆದರೆ ಒಳಗೆ ಕರೆದುಕೊಂಡಳು.

ಫೆಬ್ರವರಿ 5, ಬುಧವಾರ

ಅಜ್ಜ ಹೊಸ ಪಟ್ಟಿ ತಂದ. ಜನರೇಟರಿನ ಗುಂಡಿ ನಾನೇ ಒತ್ತಿದೆ. ಅಜ್ಜ ಕಾಣದವನಂತೆ ಆಕಾಶ ನೋಡುತ್ತಾ ನಿಂತ — ದೊಡ್ಡ ಮನುಷ್ಯ. ಡೀಸೆಲ್ ತಪ್ಪೇ, ಈಗಲೂ. ಆದರೆ...

ಅಜ್ಜಿಯ ಮುಖಕ್ಕೆ ಬಣ್ಣ ಬಂದಿದೆ. ಕರೆದಳು.

"ನಾಳೆ ನನ್ನನ್ನ ಆ ಮಿಷನ್ನಿಗೆ ಕಟ್ಟಿಹಾಕ್ತಾರೆ. ಎದ್ದು ಓಡೋಕಾಗಲ್ಲ. ನೀನು ಹಂಚೋ ಆ ಪರಿಸರದ ಕರಪತ್ರಗಳನ್ನೆಲ್ಲಾ ತಾ, ಓದಿ ಹೇಳು."

"ಮೊದಲನೇ ಪುಟವೇ ಡೀಸೆಲ್ ಬಸ್ಸುಗಳ ಮೇಲೆ, ಅಜ್ಜಿ."

"ಅದನ್ನ ಜೋರಾಗಿ ಓದು. ಡ್ವೈಟೂ ಕೇಳಲಿ."

ನಾಳೆ, ಗುರುವಾರ, ಬೆಳಿಗ್ಗೆ ಆರಕ್ಕೆ, ಕಾರಿನ ಹತ್ತಿರ ಮತ್ತೆ ದೀಪದ ಶಾಸ್ತ್ರ: ಹೆಬ್ಬೆರಳು ಅಜ್ಜಿಯದು, ಕೂಗು ನನ್ನದು.